ವಿಶ್ವಾಸ ಸಮರ್ಥನೆಯ ಪಾಠದಲ್ಲಿ ನಮ್ಮ ವಾದವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಲ್ಲವೇ?

ಯುವಕೂಟದ ಶಿಕ್ಷಕಿ:

ಎಲ್ಲರಿಗೂ ವಂದನೆಗಳು. ಪ್ರೌಢಶಾಲೆ ಮುಗಿಸುವ ಹಂತದಲ್ಲಿರುವವರಿಂದ ಹಿಡಿದು ಪದವಿ ಓದುತ್ತಿರುವವರವರೆಗೆ ನಾನಾ ವಯಸ್ಸಿನವರಿರುವ ಯುವಕೂಟವೊಂದಕ್ಕೆ ವಿಶ್ವಾಸ ಸಮರ್ಥನೆಯ, ಅಂದರೆ ಅಪಾಲಜೆಟಿಕ್ಸ್‌ನ, ಪಾಠಗಳನ್ನು ಸಿದ್ಧಪಡಿಸುವ ಹೊಣೆ ನನಗೆ ಬಂದಿದೆ. ಜೊತೆಗೆ ವಿಮರ್ಶಾತ್ಮಕ ಚಿಂತನೆಯನ್ನೂ ಕಲಿಸಬೇಕೆಂಬುದು ಸಭೆಯ ಹಿರಿಯರ ಅಪೇಕ್ಷೆ. ಇದಕ್ಕೆಂದು ಸಿಗುವ ಪಾಠಸಾಮಗ್ರಿಯನ್ನು ತಿರುವಿಹಾಕಿದಷ್ಟೂ ನನ್ನ ಗೊಂದಲ ಹೆಚ್ಚುತ್ತಿದೆ. ಬಹುಪಾಲು ಪಾಠಗಳು ಪ್ರಶ್ನೋತ್ತರದ ಅಚ್ಚಿನಲ್ಲಿವೆ: ಅವಿಶ್ವಾಸಿ ಹೀಗೆ ಕೇಳಿದರೆ ನೀನು ಹೀಗೆ ಉತ್ತರಿಸು, ಅದಕ್ಕೂ ಅವನು ಒಪ್ಪದಿದ್ದರೆ ಇನ್ನೊಂದು ಉತ್ತರ ಇಲ್ಲಿದೆ. ಎದುರು ಪಕ್ಷದ ವಾದದಲ್ಲಿ ಹುಳುಕು ಹುಡುಕುವ ಅಭ್ಯಾಸಗಳು ಪುಟಗಟ್ಟಲೆ ಇವೆ. ನಮ್ಮದೇ ವಾದವನ್ನು ಅದೇ ಕಟ್ಟುನಿಟ್ಟಿನಿಂದ ಪರೀಕ್ಷಿಸುವ ಅಭ್ಯಾಸ ನನಗೆ ಒಂದೂ ಸಿಗಲಿಲ್ಲ.

ಪೇತ್ರನ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯದ 15ನೇ ವಚನವನ್ನು ಈ ಪಾಠಗಳೆಲ್ಲವೂ ಮೊದಲ ಪುಟದಲ್ಲೇ ಉಲ್ಲೇಖಿಸುತ್ತವೆ. ಉತ್ತರ ಹೇಳಲು ಸಿದ್ಧರಾಗಿರಿ ಎಂಬ ಭಾಗಕ್ಕೆ ಅಡಿಗೆರೆ ಹಾಕುತ್ತವೆ, ಸಾತ್ವಿಕತೆಯಿಂದ ಹೇಳಿರಿ ಎಂಬ ಭಾಗವನ್ನು ಓದಿ ಮುಂದೆ ಸಾಗುತ್ತವೆ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ನನಗೆ ಇದಕ್ಕಿಂತ ಹೆಚ್ಚು ನೆರವಾಗುತ್ತದೆಂದು ತೋರುತ್ತದೆ. ಅಲ್ಲಿ ಬೆರೋಯದವರು ಪೌಲನು ಹೇಳಿದ್ದು ನಿಜವೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರಗಳನ್ನು ಶೋಧಿಸಿ ನೋಡುತ್ತಿದ್ದರು. ಅವರು ಪರೀಕ್ಷೆಗೆ ಒಡ್ಡಿದ್ದು ಯಾವುದೋ ಅನ್ಯಮತದ ವಾದವನ್ನಲ್ಲ, ಸಾಕ್ಷಾತ್ ಅಪೊಸ್ತಲನ ಬೋಧನೆಯನ್ನು. ಅದಕ್ಕಾಗಿ ಅವರಿಗೆ ಬೈಗುಳವಲ್ಲ, ಸದ್ಗುಣವುಳ್ಳವರೆಂಬ ಮೆಚ್ಚುಗೆ ದೊರೆಯಿತು.

ನನ್ನ ಪ್ರಶ್ನೆ ಇಷ್ಟು. ಪರೀಕ್ಷಿಸುವುದನ್ನು ಪ್ರಾಮಾಣಿಕವಾಗಿ ಕಲಿಸುತ್ತಲೇ ವಿಶ್ವಾಸದ ಸಮರ್ಥನೆಯನ್ನೂ ಕಲಿಸಲು ಸಾಧ್ಯವೇ? ಸಾಧ್ಯವಾದರೆ ಯಾವ ಪಾಠದಿಂದ ಶುರುಮಾಡಬೇಕು? ಕಲಿಸಿ ಅನುಭವವಿರುವವರು, ಕಲಿತು ಬೇಸತ್ತವರು, ಇಬ್ಬರೂ ಬರೆಯಿರಿ.

ಸಭಾಪಾಲಕ:

ಸಹೋದರಿ, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ. ಆದರೂ ಎರಡು ಆಕ್ಷೇಪಗಳನ್ನು ಮೊದಲಿಗೇ ಹೇಳಿಬಿಡುತ್ತೇನೆ.

ಒಂದನೆಯದು, ವಿಶ್ವಾಸವು ವಾದದ ಫಲವಲ್ಲ ಎಂಬುದು. 1934ರಲ್ಲಿ ಪ್ರೊಟೆಸ್ಟಂಟ್ ದೇವತಾಶಾಸ್ತ್ರಜ್ಞ ಎಮಿಲ್ ಬ್ರುನರ್ ಅವರು ನಿಸರ್ಗ ಮತ್ತು ಮಾನವ ವಿವೇಕದೊಳಗೆ ದೇವರ ಪ್ರಕಟಣೆಗೆ ಒಂದಷ್ಟು ನೆಲೆಯಿದೆ ಎಂದು ವಾದಿಸಿದಾಗ ಇನ್ನೊಬ್ಬ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರು ಅದನ್ನು ಅಷ್ಟು ಕಟುವಾಗಿ ತಿರಸ್ಕರಿಸಿದ್ದು ಸುಮ್ಮನೆ ಜಗಳಕ್ಕಲ್ಲ. ದೇವರು ತನ್ನನ್ನು ಕ್ರಿಸ್ತನಲ್ಲಿ ತಾನೇ ಪ್ರಕಟಿಸಿಕೊಂಡಿದ್ದಾನೆ. ನಮ್ಮ ತರ್ಕದ ಏಣಿ ಹತ್ತಿ ಆತನನ್ನು ತಲುಪುತ್ತೇವೆಂಬುದು ಸಭೆಯನ್ನು ದಾರಿತಪ್ಪಿಸುವ ಭ್ರಮೆ ಎಂಬುದು ಅವರ ನಿಲುವು. ಕಥೋಲಿಕ ಸಭೆ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಸೃಷ್ಟಿಯ ಮೂಲಕ ದೇವರನ್ನು ವಿವೇಕದಿಂದ ತಿಳಿಯಲು ಸಾಧ್ಯವೆಂದು 1870ರ ವ್ಯಾಟಿಕನ್ ಮಹಾಸಭೆ ಘೋಷಿಸಿದೆ. ಹಾಗಾಗಿ ಪಾಠ ಶುರುಮಾಡುವ ಮುನ್ನ ನಿಮ್ಮ ಸಭೆ ಇದರಲ್ಲಿ ಎಲ್ಲಿ ನಿಂತಿದೆ ಎಂಬುದನ್ನಾದರೂ ತಿಳಿದುಕೊಳ್ಳಿ.

ಎರಡನೆಯದು ವಯಸ್ಸಿನ ಮಾತು. ಹದಿನಾರರ ಹುಡುಗನೊಬ್ಬನ ಮುಂದೆ ಮೂರು ಶತಮಾನಗಳ ಸಂಶಯವಾದವನ್ನು ಒಮ್ಮೆಗೇ ಸುರಿದು, ಈಗ ನೀನೇ ತೂಗಿ ನೋಡು ಎಂದರೆ ಅದು ಸ್ವಾತಂತ್ರ್ಯ ಕೊಟ್ಟಂತಾಗುವುದಿಲ್ಲ. ಈಜು ಕಲಿಸದೆ ಹೊಳೆಗೆ ತಳ್ಳಿದಂತಾಗುತ್ತದೆ.

ಮನಃಶಾಸ್ತ್ರ ಓದಿದವಳು:

ಪಾಸ್ಟರ್ ಅವರ ಎರಡನೆಯ ಆಕ್ಷೇಪಕ್ಕೆ ನಮ್ಮ ಶಾಸ್ತ್ರದಲ್ಲಿ ಸಂಬಂಧಪಟ್ಟ ವಿಷಯವೊಂದಿದೆ. 1960ರ ದಶಕದ ಆರಂಭದಲ್ಲಿ ವಿಲಿಯಂ ಮ್ಯಾಕ್‌ಗೈರ್ ಎಂಬ ಮನಃಶಾಸ್ತ್ರಜ್ಞರು ನಂಬಿಕೆಗಳಿಗೂ ಲಸಿಕೆ ಹಾಕಬಹುದೆಂಬ ಸಿದ್ಧಾಂತ ಮಂಡಿಸಿದರು. ಊಟವಾದ ಮೇಲೆ ಹಲ್ಲುಜ್ಜುವುದು ಒಳ್ಳೆಯದು ಎಂಬಂಥ, ಯಾರೂ ಎಂದೂ ಪ್ರಶ್ನಿಸದ ನಂಬಿಕೆಗಳನ್ನು ಅವರು ಪ್ರಯೋಗಕ್ಕೆ ಆರಿಸಿಕೊಂಡರು. ಆ ನಂಬಿಕೆಗೆ ಪೂರಕವಾದ ಮಾತುಗಳನ್ನಷ್ಟೇ ಕೇಳಿದವರಿಗಿಂತ, ಅದರ ವಿರುದ್ಧದ ದುರ್ಬಲ ವಾದವನ್ನೂ ಅದಕ್ಕೆ ಉತ್ತರವನ್ನೂ ಮೊದಲೇ ಕೇಳಿದವರು ಮುಂದೆ ಬಲವಾದ ವಿರೋಧ ಎದುರಾದಾಗ ಹೆಚ್ಚು ಗಟ್ಟಿಯಾಗಿ ನಿಂತರು. ಆದ್ದರಿಂದ ಮಕ್ಕಳಿಂದ ಆಕ್ಷೇಪಗಳನ್ನು ಮುಚ್ಚಿಡುವುದೇ ಅಪಾಯ. ಅಳತೆಯರಿತು, ಸಣ್ಣ ಪ್ರಮಾಣದಲ್ಲಿ, ಉತ್ತರದ ಜೊತೆಗೇ ಪರಿಚಯಿಸಬೇಕು.

ಸಂಶಯಿ:

ನಾನು ವಿಶ್ವಾಸ ತೊರೆದವನು. ಈ ಚರ್ಚೆಗೆ ಕರೆದದ್ದರಿಂದಲೇ ಬರೆಯುತ್ತಿದ್ದೇನೆ; ಯಾರನ್ನೂ ನೋಯಿಸುವ ಉದ್ದೇಶವಿಲ್ಲ.

ಲಸಿಕೆಯ ಮಾತು ಸರಿಯೇ, ಆದರೆ ಅದರಲ್ಲೊಂದು ತೊಡಕಿದೆ. ಲಸಿಕೆ ಕೆಲಸ ಮಾಡುವುದಕ್ಕೆ ಆ ನಂಬಿಕೆ ನಿಜವಾಗಿರಬೇಕೆಂಬ ಷರತ್ತೇನೂ ಇಲ್ಲ. ಸುಳ್ಳು ನಂಬಿಕೆಯನ್ನೂ ಇದೇ ವಿಧಾನದಿಂದ ಭದ್ರಪಡಿಸಬಹುದು. ಬೇರೆ ಮತದವರು, ರಾಜಕೀಯ ಪಕ್ಷದವರು, ಔಷಧಿ ಮಾರುವವರು ಯಾರು ಬೇಕಾದರೂ ಬಳಸಬಹುದು. ಎದುರಾಳಿಯ ವಾದವನ್ನು ಬೇಕೆಂದೇ ದುರ್ಬಲಗೊಳಿಸಿ ತೋರಿಸಿ, ಕೂಡಲೇ ಉತ್ತರವನ್ನು ಕೈಗಿಡುವುದು ಮನಸ್ಸಿಗೆ ಬೇಲಿ ಹಾಕುವ ಕೆಲಸ. ವಿಮರ್ಶಾತ್ಮಕ ಚಿಂತನೆಯೆಂದರೆ ಬೇಲಿಯೊಳಗಿರುವುದನ್ನೂ ಎತ್ತಿ ನೋಡುವುದು. ಇವೆರಡನ್ನೂ ಒಂದೇ ಹೆಸರಿನಲ್ಲಿ ಕಲಿಸುವುದಕ್ಕೆ ನನ್ನ ಆಕ್ಷೇಪವಿದೆ.

ನನ್ನ ವಿಷಯ ಹೇಳುವುದಾದರೆ, ನನ್ನನ್ನು ದೂರಮಾಡಿದ್ದು ಯಾವ ದೊಡ್ಡ ತತ್ತ್ವಶಾಸ್ತ್ರದ ಪ್ರಶ್ನೆಯೂ ಅಲ್ಲ. ನಾಸಾ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಗ್ರಹಗಳ ಚಲನೆಯನ್ನು ಹಿಂದಕ್ಕೆ ಲೆಕ್ಕಹಾಕಿದಾಗ ಒಂದು ದಿನ ಕಡಿಮೆ ಬಂತು, ಯೆಹೋಶುವನ ಪುಸ್ತಕದಲ್ಲಿ ಸೂರ್ಯ ನಿಂತ ಪ್ರಸಂಗವೂ ಹಿಜ್ಕೀಯನ ಕಾಲದಲ್ಲಿ ನೆರಳು ಹಿಂದೆ ಸರಿದ ಪ್ರಸಂಗವೂ ಸೇರಿ ಆ ಲೆಕ್ಕ ಸರಿಹೋಯಿತು ಎಂಬ ಕತೆಯನ್ನು ಸಾಕ್ಷ್ಯವೆಂದು ನನಗೆ ಕಲಿಸಿದ್ದರು. ಅಂಥ ಸಂಶೋಧನೆ ನಡೆದೇ ಇಲ್ಲವೆಂದು ನಾಸಾ ಹೇಳಿದೆ. 1890ರಲ್ಲೇ, ಕಂಪ್ಯೂಟರ್ ಎಂಬುದು ಕನಸಿನಲ್ಲೂ ಇಲ್ಲದಿದ್ದಾಗ, ಇಂಥದ್ದೇ ಲೆಕ್ಕ ಅಚ್ಚಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಇಂದಿನ ಗ್ರಹಸ್ಥಿತಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹಿಂದಿನ ಸ್ಥಿತಿ ಸಿಗುತ್ತದೆಯೇ ವಿನಾ ಕಳೆದುಹೋದ ದಿನ ಸಿಗುವುದಿಲ್ಲ. ಅದನ್ನು ಹೋಲಿಸಿ ನೋಡಲು ಆ ಕಾಲದ ಸ್ವತಂತ್ರ ದಾಖಲೆ ಬೇಕು. ಇದು ನನಗೆ ಹೊಳೆದ ದಿನ, ಇದನ್ನು ಪರಿಶೀಲಿಸದೆ ಕಲಿಸಿದವರು ಪುನರುತ್ಥಾನದ ಬಗ್ಗೆ ಹೇಳಿದ್ದನ್ನು ಮಾತ್ರ ಪರಿಶೀಲಿಸಿಯೇ ಹೇಳಿರುತ್ತಾರೆಂದು ನಂಬಲು ನನಗೆ ಆಧಾರ ಉಳಿಯಲಿಲ್ಲ.

ಇತಿಹಾಸದ ಮೇಷ್ಟ್ರು:

ಸಂಶಯಿಯವರು ಹೇಳಿದ್ದನ್ನು ನಾನು ಪಾಠದ ಮೊದಲ ದಿನಕ್ಕೇ ಇಟ್ಟುಕೊಳ್ಳುತ್ತೇನೆ. ಡಾರ್ವಿನ್ ಸಾಯುವ ಮುನ್ನ ಪಶ್ಚಾತ್ತಾಪಪಟ್ಟರೆಂಬ ಕತೆಯೂ ಇದೇ ಜಾತಿಯದು. ಅವರು ತೀರಿಕೊಂಡದ್ದು 1882ರಲ್ಲಿ. ಕತೆ ಅಚ್ಚಾದದ್ದು 1915ರಲ್ಲಿ. ತಂದೆಯ ಕೊನೆಗಾಲದಲ್ಲಿ ಹಾಸಿಗೆಯ ಬಳಿಯಿದ್ದ ಮಗಳೇ 1922ರಲ್ಲಿ ಅದನ್ನು ಅಲ್ಲಗಳೆದರು. ಈ ಮೂರು ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಯಾರ ಮಾತಿಗೆ ಹೆಚ್ಚು ಬೆಲೆ, ಏಕೆ ಎಂದು ಕೇಳಿದರೆ ಸಾಕು; ಸಾಕ್ಷಿಯನ್ನು ತೂಗುವ ಬಗೆಯನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಆದರೆ ಶಿಕ್ಷಕಿಯವರು ಕೇಳಿದ ಮುಖ್ಯ ಪ್ರಶ್ನೆಗೆ, ಅಂದರೆ ಪರೀಕ್ಷೆಯೂ ಸಮರ್ಥನೆಯೂ ಒಟ್ಟಿಗೆ ಸಾಗಬಲ್ಲವೇ ಎಂಬುದಕ್ಕೆ, ಜೊಸೀಫಸ್‌ನ ಪಾಠಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಫ್ಲೇವಿಯಸ್ ಜೊಸೀಫಸ್ ಮೊದಲನೆಯ ಶತಮಾನದ ಯೆಹೂದಿ ಇತಿಹಾಸಕಾರ. ಸುಮಾರು ಕ್ರಿ.ಶ. 93ರಲ್ಲಿ ಮುಗಿಸಿದ ಯೆಹೂದ್ಯರ ಪ್ರಾಚೀನ ಇತಿಹಾಸದ 18ನೇ ಸಂಪುಟದಲ್ಲಿ ಯೇಸುವಿನ ಕುರಿತು ಒಂದು ಚಿಕ್ಕ ಭಾಗವಿದೆ. ಈಗ ಸಿಗುವ ಗ್ರೀಕ್ ಪಾಠದ ಪ್ರಕಾರ ಅದರಲ್ಲಿ ಯೇಸು ಜ್ಞಾನಿಯೆಂದೂ, ಆತನನ್ನು ಮನುಷ್ಯನೆಂದು ಕರೆಯಬಹುದೇ ಎಂಬ ಅನುಮಾನವೂ, ಆತನು ಕ್ರಿಸ್ತನಾಗಿದ್ದನೆಂದೂ, ರೋಮನ್ ಅಧಿಪತಿ ಪಿಲಾತನು ಶಿಲುಬೆಗೆ ಹಾಕಿಸಿದನೆಂದೂ, ಮೂರನೆಯ ದಿನ ಜೀವಂತನಾಗಿ ಕಾಣಿಸಿಕೊಂಡನೆಂದೂ ಇದೆ. ಸಮರ್ಥನೆಯ ಕಿರುಹೊತ್ತಿಗೆಗಳು ಇದನ್ನು ಇಡಿಯಾಗಿ ಎತ್ತಿಕೊಟ್ಟು, ಕ್ರೈಸ್ತನಲ್ಲದವನೂ ಒಪ್ಪಿದ್ದಾನೆ ನೋಡಿ ಎನ್ನುತ್ತವೆ.

ನಾನು ಆ ಭಾಗವನ್ನು ಒಂದು ಹಾಳೆಯಲ್ಲಿ ಬರೆದು ಮಕ್ಕಳ ಕೈಗೆ ಕೊಡುತ್ತೇನೆ, ಬರೆದವನು ಯಾರು, ಯಾವ ಮತದವನು ಎಂಬುದನ್ನಷ್ಟೇ ಹೇಳುತ್ತೇನೆ. ಕ್ರೈಸ್ತನಾಗದ ಯೆಹೂದಿ ಬರೆಯಲಾರದ ಮಾತು ಇದರಲ್ಲಿ ಯಾವುದಾದರೂ ಇದ್ದರೆ ಗೆರೆ ಎಳೆಯಿರಿ ಎನ್ನುತ್ತೇನೆ. ಹೆಚ್ಚಿನವರ ಪೆನ್ಸಿಲ್ ಅದೇ ಮೂರು ಕಡೆ ನಿಲ್ಲುತ್ತದೆ: ಮನುಷ್ಯನೆಂದು ಕರೆಯಬಹುದೇ, ಆತನು ಕ್ರಿಸ್ತನಾಗಿದ್ದನು, ಮೂರನೆಯ ದಿನ ಕಾಣಿಸಿಕೊಂಡನು. ಆಮೇಲೆ ಉಳಿದ ಸುಳಿವುಗಳನ್ನು ಒಂದೊಂದಾಗಿ ಕೊಡುತ್ತೇನೆ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್, ಜೊಸೀಫಸ್ ಯೇಸುವನ್ನು ಕ್ರಿಸ್ತನೆಂದು ನಂಬಿರಲಿಲ್ಲವೆಂದು ಸ್ಪಷ್ಟವಾಗಿ ಬರೆದಿದ್ದಾನೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಕ್ರೈಸ್ತ ಇತಿಹಾಸಕಾರ ಯೂಸೇಬಿಯಸ್ ಉಲ್ಲೇಖಿಸುವ ಹೊತ್ತಿಗೆ ಈಗಿನ ಪೂರ್ಣರೂಪ ಕಾಣಿಸಿಕೊಳ್ಳುತ್ತದೆ. ಹತ್ತನೆಯ ಶತಮಾನದ ಅರಬ್ಬಿ ಭಾಷೆಯ ಒಂದು ಇತಿಹಾಸದಲ್ಲಿ ಇದೇ ಭಾಗ ಹೆಚ್ಚು ಮಿತವಾದ ಮಾತುಗಳಲ್ಲಿದೆ. 1971ರಲ್ಲಿ ಶ್ಲೋಮೊ ಪಿನೆಸ್ ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ಮೂಲದಲ್ಲಿ ಜೊಸೀಫಸ್ ಬರೆದ ಒಂದು ತಿರುಳಿದೆ, ಅದರ ಮೇಲೆ ಕ್ರೈಸ್ತ ಲಿಪಿಕಾರರು ಸೇರಿಸಿದ ಮಾತುಗಳಿವೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಪೂರ್ತಿ ಸೇರ್ಪಡೆಯೆನ್ನುವವರೂ ಇದ್ದಾರೆ.

ಈಗ ನೋಡಿ, ಇದರಿಂದ ಸಮರ್ಥನೆಗೆ ನಷ್ಟವಾಯಿತೇ? ಅದೇ ಗ್ರಂಥದ 20ನೇ ಸಂಪುಟದಲ್ಲಿ, ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ ಯಾಕೋಬನನ್ನು ಕಲ್ಲೆಸೆದು ಕೊಲ್ಲಿಸಿದ ಪ್ರಸಂಗವಿದೆ. ಅದನ್ನು ಬಹುತೇಕರು ಮೂಲದ್ದೆಂದೇ ಒಪ್ಪುತ್ತಾರೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲಿ, ಕ್ರೈಸ್ತರ ಬಗ್ಗೆ ಎಳ್ಳಷ್ಟೂ ಒಲವಿಲ್ಲದೆ, ತಿಬೇರಿಯನ ಆಳ್ವಿಕೆಯಲ್ಲಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಡಿಸಿದ್ದನ್ನು ದಾಖಲಿಸುತ್ತಾನೆ. ಯೇಸು ಎಂಬ ವ್ಯಕ್ತಿ ಇದ್ದನು, ಪಿಲಾತನ ಕೆಳಗೆ ಸತ್ತನು ಎಂಬಲ್ಲಿಗೆ ಸಾಕ್ಷ್ಯ ಗಟ್ಟಿಯಾಗಿ ನಿಲ್ಲುತ್ತದೆ; ಆತನು ಎದ್ದನು ಎಂಬಲ್ಲಿಗೆ ಈ ಇಬ್ಬರೂ ನಮ್ಮನ್ನು ಕರೆದೊಯ್ಯುವುದಿಲ್ಲ. ಅದಕ್ಕೆ ಬೇರೆ ಆಧಾರಗಳನ್ನು ನೋಡಬೇಕು, ಸುಮಾರು ಕ್ರಿ.ಶ. 55ರ ಹೊತ್ತಿಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯದಲ್ಲಿ, ತಾನು ಇತರರಿಂದ ಹೊಂದಿ ಒಪ್ಪಿಸಿದೆನೆಂದು ಹೇಳುವ ಸಾಕ್ಷಿಗಳ ಪಟ್ಟಿಯಿಂದ ಅದನ್ನು ಶುರುಮಾಡಬಹುದು. ಯಾವ ಸಾಕ್ಷ್ಯ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿದ ಹುಡುಗಿಗೆ ಕಾಲೇಜಿನಲ್ಲಿ ಯಾರಾದರೂ ಜೊಸೀಫಸ್‌ನಲ್ಲಿ ಕೈವಾಡವಿದೆ ಎಂದರೆ ನೆಲ ಕುಸಿದಂತಾಗುವುದಿಲ್ಲ.

ಲೆಕ್ಕದ ಮೇಷ್ಟ್ರು:

ಧರ್ಮದ ವಿಷಯಕ್ಕೆ ಹೋಗುವ ಮುನ್ನ ಅರ್ಧ ಗಂಟೆಯ ಒಂದು ಆಟ ಆಡಿಸಿ. ಮನಃಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಅದು. 2, 4, 6 ಎಂದು ಬರೆದು, ಇದು ನನ್ನ ಮನಸ್ಸಿನಲ್ಲಿರುವ ನಿಯಮಕ್ಕೆ ಹೊಂದುತ್ತದೆ, ನೀವು ಬೇರೆ ಮೂರು ಸಂಖ್ಯೆ ಹೇಳಿ, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ, ಖಾತ್ರಿಯಾದಾಗ ನಿಯಮವನ್ನು ಹೇಳಿ ಎನ್ನಬೇಕು. ಮಕ್ಕಳು 8, 10, 12 ಎನ್ನುತ್ತಾರೆ, ಹೌದು ಎನ್ನುತ್ತೀರಿ. 20, 22, 24, ಹೌದು. ಎರಡೆರಡು ಹೆಚ್ಚುವ ಸಮಸಂಖ್ಯೆಗಳೆಂದು ಗೆದ್ದ ಖುಷಿಯಲ್ಲಿ ಘೋಷಿಸುತ್ತಾರೆ, ಅಲ್ಲ ಎನ್ನುತ್ತೀರಿ. ನಿಯಮ ಇಷ್ಟೇ: ಏರುತ್ತಾ ಹೋಗುವ ಯಾವುದೇ ಮೂರು ಸಂಖ್ಯೆ. ತಮ್ಮ ಊಹೆ ಸುಳ್ಳಾಗಬಹುದಾದ 5, 4, 3 ಅಥವಾ 1, 7, 50ರಂಥ ಪ್ರಶ್ನೆಯನ್ನು ಕೇಳುವವರು ಬಹಳ ವಿರಳ.

ನಮ್ಮ ಪ್ರಾರ್ಥನೆಗೆ ಸಿಕ್ಕ ಉತ್ತರಗಳ ಸಾಕ್ಷಿಯನ್ನು ಹೇಳುವಾಗಲೂ, ದೇವರಿಲ್ಲವೆಂಬುದಕ್ಕೆ ಸಾಕ್ಷ್ಯ ಕಲೆಹಾಕುವಾಗಲೂ ಇದೇ ಚಾಳಿ ಕೆಲಸ ಮಾಡುತ್ತದೆ. ಅದನ್ನು ನೀವು ಬಿಡಿಸಿ ಹೇಳಬೇಕಾಗಿಲ್ಲ. ಆಟ ಮುಗಿದ ಮೇಲೆ ಮಕ್ಕಳೇ ಹೇಳುತ್ತಾರೆ.

ಪದವಿ ವಿದ್ಯಾರ್ಥಿನಿ:

ನಾನು ಇಂಥ ತರಗತಿಗಳಲ್ಲಿ ಕುಳಿತವಳು. ಒಂದೇ ವಿನಂತಿ. ಲೋಕದಲ್ಲಿ ನೋವೇಕೆ ಎಂಬ ಪ್ರಶ್ನೆಯನ್ನು ಕೇಳಿದ ಕೂಡಲೇ ಸ್ವತಂತ್ರ ಇಚ್ಛೆಯ ವಾದವನ್ನು, ಅಂದರೆ ಆಯ್ಕೆಯ ಸ್ವಾತಂತ್ರ್ಯವಿರಬೇಕಾದರೆ ಕೆಡುಕಿಗೂ ಎಡೆಯಿರಬೇಕೆಂಬ ವಾದವನ್ನು, ಕೈಗೆತ್ತಿಕೊಳ್ಳಬೇಡಿ. ಕೇಳಿದವರ ಮನೆಯಲ್ಲಿ ಏನಾಗಿದೆಯೆಂದು ನಿಮಗೆ ತಿಳಿದಿರುವುದಿಲ್ಲ. ಆ ವಾದ ತಪ್ಪೆಂದು ನಾನು ಹೇಳುತ್ತಿಲ್ಲ. ಕೆಡುಕಿನ ಇರುವಿಕೆಗೂ ದೇವರ ಇರುವಿಕೆಗೂ ತಾರ್ಕಿಕ ವಿರೋಧವಿದೆಯೆಂದು 1955ರಲ್ಲಿ ಜೆ. ಎಲ್. ಮ್ಯಾಕಿ ಮಂಡಿಸಿದ ವಾದಕ್ಕೆ ಅದರಿಂದ ಆಲ್ವಿನ್ ಪ್ಲಾಂಟಿಂಗಾ ಕೊಟ್ಟ ಉತ್ತರ ಬಲವಾದದ್ದೆಂದು ಅನೇಕ ನಾಸ್ತಿಕ ತತ್ತ್ವಜ್ಞಾನಿಗಳೂ ಒಪ್ಪುತ್ತಾರೆ. ಆದರೆ 1979ರಲ್ಲಿ ವಿಲಿಯಂ ರೋ ಎತ್ತಿದ ಪ್ರಶ್ನೆ ಬೇರೆ. ಕಾಡ್ಗಿಚ್ಚಿನಲ್ಲಿ ಬೆಂದು, ಯಾರ ಕಣ್ಣಿಗೂ ಬೀಳದೆ, ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಯ ನೋವಿನಿಂದ ಯಾರ ಸ್ವಾತಂತ್ರ್ಯಕ್ಕೆ ಏನು ಲಾಭ? ಇದಕ್ಕೆ ಒಂದು ಸಾಲಿನ ಉತ್ತರವಿದೆಯೆಂದು ನನಗೆ ಕಲಿಸಿದವರ ಮೇಲಿನ ನಂಬಿಕೆ ನನಗೆ ಉಳಿದಿಲ್ಲ. ಬೈಬಲಿನಲ್ಲಿ ಕಷ್ಟಗಳಿಗೆ ಸಿಕ್ಕಿ ನರಳುವ ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಕುಳಿತಿದ್ದಾಗ ಚೆನ್ನಾಗಿಯೇ ಇದ್ದರು; ಸಮರ್ಥನೆ ಶುರುಮಾಡಿದ ಮೇಲೆಯೇ ಕೆಟ್ಟದ್ದು, ಕೊನೆಗೆ ದೇವರು ಕೋಪಿಸಿಕೊಂಡದ್ದೂ ತನ್ನ ಪರವಾಗಿ ವಾದಿಸಿದ ಅವರ ಮೇಲೆಯೇ.

ಸಭಾಪಾಲಕ:

ತಂಗಿಯ ಮಾತನ್ನು ಒಪ್ಪುತ್ತೇನೆ. ಮೇಷ್ಟ್ರ ಜೊಸೀಫಸ್ ಪಾಠವೂ ನನಗೆ ಹಿಡಿಸಿತು. ನನ್ನ ಮೊದಲ ಆಕ್ಷೇಪ ಹಾಗೆಯೇ ಇದೆ. ಆದರೆ ಎರಡನೆಯದನ್ನು ಸಡಿಲಿಸುತ್ತೇನೆ, ಏಕೆಂದರೆ ಹಿಂದಿನವರು ನಮಗಿಂತ ಧೈರ್ಯವಂತರಾಗಿದ್ದರು. ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಎರಡು ಆಕ್ಷೇಪಗಳನ್ನು ತಾವೇ ಬರೆದುಕೊಳ್ಳುತ್ತಾರೆ: ಅಪರಿಮಿತ ಒಳ್ಳೆಯತನವಿದ್ದರೆ ಕೆಡುಕು ಇರಬಾರದಿತ್ತು, ಲೋಕದ ಸಂಗತಿಗಳನ್ನೆಲ್ಲ ದೇವರಿಲ್ಲದೆಯೂ ವಿವರಿಸಬಹುದು. ಇಂದಿನ ವಿಡಿಯೊಗಳಲ್ಲಿ ನಮ್ಮ ಮಕ್ಕಳು ಕೇಳುತ್ತಿರುವುದೂ ಇವೆರಡನ್ನೇ.

ಅನ್ಸೆಲ್ಮರ ಪ್ರಸಂಗ ಇನ್ನೂ ಸೊಗಸು. 11ನೇ ಶತಮಾನದಲ್ಲಿ ಅವರು ದೇವರ ಇರುವಿಕೆಗೆ ಬರೀ ವಿವೇಕದಿಂದ ಒಂದು ವಾದ ಕಟ್ಟಿದಾಗ ಗೌನಿಲೊ ಎಂಬ ಇನ್ನೊಬ್ಬ ಸನ್ಯಾಸಿ, ಇದೇ ಧಾಟಿಯಲ್ಲಿ ಪರಿಪೂರ್ಣವಾದ ದ್ವೀಪವೊಂದು ಎಲ್ಲೋ ಇದೆಯೆಂದೂ ಸಾಧಿಸಬಹುದಲ್ಲ ಎಂದು ಆಕ್ಷೇಪಿಸಿದರು. ಅನ್ಸೆಲ್ಮರು ಸಿಟ್ಟಾಗಲಿಲ್ಲ, ಆ ಆಕ್ಷೇಪವನ್ನೂ ತಮ್ಮ ಉತ್ತರವನ್ನೂ ಮೂಲಕೃತಿಯ ಜೊತೆಗೇ ನಕಲು ಮಾಡಬೇಕೆಂದು ಅವರು ಬಯಸಿದರೆಂದು ಅವರ ಜೀವನಚರಿತ್ರೆ ಬರೆದ ಶಿಷ್ಯ ತಿಳಿಸುತ್ತಾರೆ. ಆಕ್ಷೇಪಿಸಿದವರೂ ವಿಶ್ವಾಸಿಯೇ, ಅದೇ ದೇವರನ್ನು ಪ್ರಾರ್ಥಿಸುವವರೇ ಎಂಬುದನ್ನು ಯುವಜನರಿಗೆ ಒತ್ತಿ ಹೇಳಬೇಕು. ವಾದವನ್ನು ತಿರಸ್ಕರಿಸುವುದೆಂದರೆ ವಿಶ್ವಾಸವನ್ನು ತಿರಸ್ಕರಿಸುವುದಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಸಂಶಯಿ:

ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ಕಡೆಯ ಸರಕಿನಲ್ಲೂ ಜೊಳ್ಳು ಕಡಿಮೆಯಿಲ್ಲ. ಕ್ರಿ.ಶ. 325ರ ನಿಕಾಯ ಮಹಾಸಭೆಯಲ್ಲಿ ಮತ ಹಾಕಿ ಬೈಬಲಿನ ಪುಸ್ತಕಗಳನ್ನು ಆರಿಸಿದರೆಂದು ಅವಿಶ್ವಾಸಿ ಗೆಳೆಯರು ಇಂದಿಗೂ ಹೇಳುತ್ತಿರುತ್ತಾರೆ. ಆ ಸಭೆಯಿಂದ ಉಳಿದುಬಂದ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯ ಮಾತೇ ಇಲ್ಲ. ಇದನ್ನೂ ನಾಸಾ ಕತೆಯ ಪಕ್ಕದಲ್ಲೇ ಇಟ್ಟು ಕಲಿಸಿ. ಆದರೆ ಕ್ರಮ ಮುಖ್ಯ: ಮೊದಲು ನಿಮ್ಮದು, ಆಮೇಲೆ ನಮ್ಮದು. ತಿರುಗುಮುರುಗಾದರೆ ಮಕ್ಕಳಿಗೆ ಬೇಹುಗಾರಿಕೆ ಮಾತ್ರ ಅಭ್ಯಾಸವಾಗುತ್ತದೆ.

ಇನ್ನೊಂದು ನೇರ ಪ್ರಶ್ನೆ ಶಿಕ್ಷಕಿಯವರಿಗೆ. ಇಷ್ಟೆಲ್ಲ ಪ್ರಾಮಾಣಿಕವಾಗಿ ಕಲಿಸಿದ ಮೇಲೆ ನಿಮ್ಮ ಕೂಟದ ಹುಡುಗನೊಬ್ಬ, ನಾನು ತೂಗಿ ನೋಡಿದೆ, ನನಗೆ ಸಾಲದು ಎಂದರೆ ಏನು ಮಾಡುತ್ತೀರಿ?

ಯುವಕೂಟದ ಶಿಕ್ಷಕಿ:

ಎಲ್ಲರಿಗೂ ಧನ್ಯವಾದಗಳು. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅವನು ಕೂಟಕ್ಕೆ ಬರುವುದನ್ನು ಮುಂದುವರಿಸಬಹುದು, ಅವನ ತೀರ್ಮಾನವನ್ನು ತರಗತಿಯಲ್ಲಿ ಹೇಳಬಹುದು, ಅದಕ್ಕಾಗಿ ಅವನ ಹೆತ್ತವರಿಗೆ ದೂರು ಹೋಗುವುದಿಲ್ಲ ಎಂಬ ಮಾತನ್ನು ಪಾಠ ಶುರುವಾಗುವ ಮುನ್ನವೇ ಹಿರಿಯರಿಂದ ಪಡೆದುಕೊಳ್ಳುತ್ತೇನೆ. ಅದು ಸಿಗದಿದ್ದರೆ ವಿಮರ್ಶಾತ್ಮಕ ಚಿಂತನೆ ಎಂಬ ಹೆಸರನ್ನು ಪಾಠಪಟ್ಟಿಯಿಂದ ತೆಗೆದು, ಧರ್ಮೋಪದೇಶ ಎಂದಷ್ಟೇ ಇಟ್ಟುಕೊಳ್ಳುತ್ತೇನೆ. ಅದೂ ಗೌರವದ ಕೆಲಸವೇ. ಅಥೇನೆಯಲ್ಲಿ ಪೌಲನ ಮಾತು ಮುಗಿದಾಗಲೂ ಕೆಲವರು ಅಪಹಾಸ್ಯ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆಂದರು, ಕೆಲವರು ನಂಬಿದರು. ಉಳಿದವರನ್ನು ಪೌಲನು ಬೆನ್ನಟ್ಟಿ ಹೋದನೆಂದು ಎಲ್ಲಿಯೂ ಬರೆದಿಲ್ಲ.

ಪಾಠಗಳ ಕ್ರಮ ಸದ್ಯಕ್ಕೆ ಹೀಗಿರಲಿ ಎಂದುಕೊಂಡಿದ್ದೇನೆ. ಮೊದಲು ಸಂಖ್ಯೆಗಳ ಆಟ. ಅನಂತರ ನಾಸಾ, ಡಾರ್ವಿನ್ ಕತೆಗಳು, ಅವುಗಳ ಬೆನ್ನಿಗೇ ನಿಕಾಯದ ಕತೆ. ಅದಾದ ಮೇಲೆ ಜೊಸೀಫಸ್. ಆಮೇಲೆ ಮಾರ್ಕನ ಸುವಾರ್ತೆಯ ಕೊನೆಯ ಭಾಗ: ನಾಲ್ಕನೆಯ ಶತಮಾನದ ಸಿನೈ ಮತ್ತು ವ್ಯಾಟಿಕನ್ ಹಸ್ತಪ್ರತಿಗಳೆರಡೂ 16ನೇ ಅಧ್ಯಾಯದ 8ನೇ ವಚನಕ್ಕೇ, ಸ್ತ್ರೀಯರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ಮುಗಿಯುತ್ತವೆಂಬುದನ್ನು ಮಕ್ಕಳು ಹೊರಗಿನವರ ಬಾಯಿಂದ ಮೊದಲು ಕೇಳುವಂತಾಗಬಾರದು. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು ಐದು ಸಾವಿರಕ್ಕೂ ಹೆಚ್ಚಿವೆ ಎಂಬ ಪ್ರಸಿದ್ಧ ವಾದವನ್ನು ಅಲ್ಲಿಯೇ ಎತ್ತಿಕೊಳ್ಳಬಹುದು. ಅವುಗಳಲ್ಲಿ ಬಹುಪಾಲು ಒಂಬತ್ತನೆಯ ಶತಮಾನದಿಂದೀಚಿನವು; ಪ್ರತಿಗಳು ಹೇರಳವಾಗಿದ್ದರೆ ಮೂಲದಲ್ಲಿ ಏನು ಬರೆದಿತ್ತೆಂದು ತಿಳಿಯಲು ನೆರವಾಗುತ್ತದೆ, ಬರೆದದ್ದು ನಡೆದಿತ್ತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪುನರುತ್ಥಾನದ ಪಾಠವನ್ನು ಇವೆಲ್ಲ ಮುಗಿದ ಮೇಲೆ, ಅವಸರವಿಲ್ಲದೆ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಎದುರು ಪಕ್ಷದ ವಾದವನ್ನು ನಾನು ಹೇಳುವುದಿಲ್ಲ. ಸಂಶಯಿಯವರೇ, ನಿಮಗೆ ಒಪ್ಪಿಗೆಯಿದ್ದರೆ ನಿಮ್ಮ ಅತ್ಯಂತ ಬಲವಾದ ವಾದವನ್ನು ಎರಡು ಪುಟಗಳಲ್ಲಿ ಬರೆದುಕೊಡಿ; ಒಂದಕ್ಷರವನ್ನೂ ತಿದ್ದದೆ ಹಂಚುತ್ತೇನೆ. ನೋವಿನ ಪ್ರಶ್ನೆಯನ್ನು ಪಾಠಪಟ್ಟಿಯಲ್ಲಿ ಸೇರಿಸಿಲ್ಲ. ಅದು ಬಂದಾಗ ಬರಲಿ.

ಸಂಶಯಿ:

ಬರೆದುಕೊಡುತ್ತೇನೆ. ನಿಮ್ಮ ಉತ್ತರವನ್ನೂ ನನಗೆ ಕಳುಹಿಸಬೇಕು, ಅದು ಷರತ್ತು.